ಹಿಮದ ದಿನಗಳಲ್ಲಿ ಮನೆಯ ಉಪಗ್ರಹ ಇಂಟರ್ನೆಟ್: ಏಣಿ ಹತ್ತದೆ ಚಳಿಗಾಲ ದಾಟುವ ಬಗೆ

ರಾತ್ರಿಯಿಡೀ ಹಿಮ ಸುರಿದಿದೆ. ಬೆಳಗ್ಗೆ ಎದ್ದು ನೋಡಿದರೆ ಮೋಡೆಮ್‌ನ ದೀಪ ಕೆಂಪಗೆ ಮಿನುಗುತ್ತಿದೆ. ಒಂಬತ್ತಕ್ಕೆ ಮೀಟಿಂಗ್, ಮಕ್ಕಳಿಗೆ ಆನ್‌ಲೈನ್ ತರಗತಿ. ಆ ಗಳಿಗೆಯಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಏಣಿ ಮತ್ತು ಪೊರಕೆ. ಆ ಏಣಿಯನ್ನು ಇದ್ದಲ್ಲೇ ಬಿಡಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಮಂಜುಗಡ್ಡೆ ಕಟ್ಟಿದ ಚಾವಣಿಯ ಮೇಲೆ ನಿಂತು ಉಳಿಸಿಕೊಳ್ಳಬೇಕಾದಷ್ಟು ದೊಡ್ಡದು ಯಾವ ಇಂಟರ್ನೆಟ್ ಸಂಪರ್ಕವೂ ಅಲ್ಲ. ಹಾಗೆ ಹತ್ತಬೇಕಾದ ಪ್ರಸಂಗವೇ ಬಾರದಂತೆ ಮಾಡಿಕೊಳ್ಳಲು ಸಾಧ್ಯವಿದೆ. ಆದರೆ ಅದರ ಬಹುಪಾಲು ಕೆಲಸ ಚಳಿ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಬಿರುಗಾಳಿ ಬಂದ ಮೇಲೆ ಬೋಲ್ಟ್ ಹುಡುಕುವುದು ಯುದ್ಧಕಾಲದ ಶಸ್ತ್ರಾಭ್ಯಾಸ.

ತೊಂದರೆ ಕೊಡುವುದು ಹಿಮವಲ್ಲ, ನೀರು

ಇದೊಂದು ಮಾತು ಮನಸ್ಸಿನಲ್ಲಿ ಕೂತರೆ ಉಳಿದ ಎಲ್ಲ ಸಲಹೆಗಳೂ ತಾವಾಗಿಯೇ ಅರ್ಥವಾಗುತ್ತವೆ.

ಮನೆಯ ಉಪಗ್ರಹ ಸಂಪರ್ಕ ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಒಂದು ಕೆಯು ಬ್ಯಾಂಡ್. ಉಪಗ್ರಹದಿಂದ ಕೆಳಗಿಳಿಯುವ ಅದರ ಸಿಗ್ನಲ್ ಸುಮಾರು 11-12 ಗಿಗಾಹರ್ಟ್ಸ್ ಆಸುಪಾಸಿನದು. ಇನ್ನೊಂದು ಕೆಎ ಬ್ಯಾಂಡ್. ಇಳಿಯುವಾಗ ಸುಮಾರು 20, ಏರುವಾಗ ಸುಮಾರು 30 ಗಿಗಾಹರ್ಟ್ಸ್. ಈ ಆವರ್ತನಗಳಲ್ಲಿ ದ್ರವರೂಪದ ನೀರು ತರಂಗದ ಶಕ್ತಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ನೀರಿನ ಅಣುಗಳು ತರಂಗದ ಏರಿಳಿತಕ್ಕೆ ತಕ್ಕಂತೆ ಹೊರಳಾಡುತ್ತವೆ, ಆ ಹೊರಳಾಟದಲ್ಲಿ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಅದೇ ನೀರು ಹೆಪ್ಪುಗಟ್ಟಿದಾಗ ಅಣುಗಳು ಇದ್ದಲ್ಲೇ ಬಂಧಿಯಾಗುತ್ತವೆ. ಹಾಗಾಗಿ ಒಣ ಮಂಜುಗಡ್ಡೆಯ ಮೂಲಕ ಸಿಗ್ನಲ್ ಹೆಚ್ಚು ನಷ್ಟವಿಲ್ಲದೆ ಹಾದುಹೋಗುತ್ತದೆ.

ಮೈನಸ್ 15 ಡಿಗ್ರಿಯಲ್ಲಿ ಹತ್ತಿಯಂತೆ ಹಗುರಾಗಿ ಉದುರುವ ಹಿಮ ನೋಡುವುದಕ್ಕೆ ಭಯಂಕರ, ಸಂಪರ್ಕಕ್ಕೆ ಅಷ್ಟೇನೂ ಅಲ್ಲ. ಹೆದರಬೇಕಾದದ್ದು ಸೊನ್ನೆ ಡಿಗ್ರಿಯ ಅಕ್ಕಪಕ್ಕದ ಗಂಟೆಗಳಿಗೆ. ಆಗ ಬೀಳುವ ಹಸಿಹಿಮ ಅಂಟಿನಂತೆ ಡಿಶ್‌ಗೆ ಮೆತ್ತಿಕೊಳ್ಳುತ್ತದೆ, ಅದರೊಳಗೆ ನೀರು ತುಂಬಿರುತ್ತದೆ. ರಾತ್ರಿ ಸರಿಯಾಗಿಯೇ ಇದ್ದ ಸಂಪರ್ಕ ಬೆಳಗ್ಗೆ ಬಿಸಿಲು ಬಿದ್ದೊಡನೆ ಕಡಿದುಹೋಯಿತು ಎಂದು ಎಷ್ಟೋ ಜನ ಬೆರಗಾಗುತ್ತಾರೆ. ಕಾರಣ ಇದೇ: ರಾತ್ರಿ ಡಿಶ್ ಮೇಲಿದ್ದದ್ದು ಒಣಹಿಮ, ಬೆಳಗ್ಗೆ ಕರಗತೊಡಗಿ ಅದು ನೀರಿನ ಪದರವಾಯಿತು.

ನೀರು ಅಡ್ಡ ಬರುವುದು ಮೂರು ಜಾಗಗಳಲ್ಲಿ. ನಿಮ್ಮ ಡಿಶ್ ಮೇಲೆ, ಡಿಶ್‌ನಿಂದ ಉಪಗ್ರಹದತ್ತ ಹೋಗುವ ಗಾಳಿಯ ಹಾದಿಯಲ್ಲಿ, ಮತ್ತು ಕಂಪನಿಯ ಭೂನಿಲ್ದಾಣದ ಬಳಿ. ಮೂರನೆಯದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಮನೆಯಿಂದ ಉಪಗ್ರಹಕ್ಕೆ ಹೋದ ಮಾಹಿತಿ ಅಲ್ಲಿಂದ ಮತ್ತೆ ಭೂಮಿಗಿಳಿದು, ನೂರಾರು ಕಿಲೋಮೀಟರ್ ದೂರದ ಯಾವುದೋ ಭೂನಿಲ್ದಾಣದ ಮೂಲಕ ಇಂಟರ್ನೆಟ್ ಸೇರುತ್ತದೆ. ಅಲ್ಲಿ ಹಸಿಹಿಮವೋ ಜಡಿಮಳೆಯೋ ಇದ್ದರೆ ನಿಮ್ಮಲ್ಲಿ ಆಕಾಶ ಶುಭ್ರವಾಗಿದ್ದರೂ ಸಂಪರ್ಕ ಸೊರಗಬಹುದು. ಮೂರರಲ್ಲಿ ನಮ್ಮ ಕೈಗೆ ಸಿಗುವುದು ಮೊದಲನೆಯದು ಮಾತ್ರ.

ನಿಮ್ಮದು ಯಾವ ಬಗೆಯ ಸಂಪರ್ಕ?

ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತವೆ. ಹ್ಯೂಸ್‌ನೆಟ್, ವಯಾಸ್ಯಾಟ್ ಸೇವೆಗಳ ಮನೆಯ ಡಿಶ್‌ಗಳು ಇಂಥವನ್ನು ನೋಡುತ್ತವೆ. ಡಿಶ್ ಬಟ್ಟಲಿನಾಕಾರದ್ದು, ಅದರ ಮುಂದೆ ಚಾಚಿದ ತೋಳಿನ ತುದಿಯಲ್ಲಿ ಫೀಡ್ ಹಾರ್ನ್ ಎಂಬ ಮೂತಿ ಇರುತ್ತದೆ. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ವೇಗವಾಗಿ ಸಾಗುತ್ತಿರುತ್ತವೆ. ಅದರ ಡಿಶ್ ಚಪ್ಪಟೆ ಹಲಗೆ, ಹೆಚ್ಚುಕಡಿಮೆ ಮೇಲ್ಮುಖವಾಗಿ ಮಲಗಿರುತ್ತದೆ, ಹಿಮ ಕರಗಿಸಲು ಬೇಕಾದ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಎರಡರ ಚಳಿಗಾಲದ ಕಷ್ಟಗಳು ಬೇರೆ ಬೇರೆ. ಬಟ್ಟಲು ಡಿಶ್‌ಗೆ ದಿಕ್ಕು ತಪ್ಪುವ ಭಯ, ಮೂತಿಯ ಮೇಲೆ ಹಿಮ ಕೂರುವ ಭಯ. ಚಪ್ಪಟೆ ಡಿಶ್‌ಗೆ ವಿದ್ಯುತ್ತಿನ ಹಸಿವು. ಮುಂದಿನ ಹಂತಗಳಲ್ಲಿ ನಿಮಗೆ ಸಂಬಂಧಿಸಿದ್ದನ್ನು ಆರಿಸಿಕೊಳ್ಳಿ.

ಹಂತ 1: ಡಿಶ್ ಎಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ

ಹೊಸದಾಗಿ ಸಂಪರ್ಕ ಪಡೆಯುವವರು, ಇರುವುದನ್ನು ಸ್ಥಳಾಂತರಿಸಬಲ್ಲವರು ಇಬ್ಬರಿಗೂ ನನ್ನ ಒತ್ತಾಯ ಒಂದೇ. ನೆಲದ ಮೇಲೆ ನಿಂತು ಉದ್ದ ಕೋಲಿನ ಪೊರಕೆಯಿಂದ ಮುಟ್ಟಲಾಗುವ ಕಡೆ ಡಿಶ್ ಇರಲಿ. ಅಂಗಳದಲ್ಲಿ ನೆಟ್ಟ ಗಟ್ಟಿ ಕಂಬ ಎಲ್ಲಕ್ಕಿಂತ ಒಳ್ಳೆಯದು. ಅಳವಡಿಸಲು ಬರುವವರಿಗೆ ಚಾವಣಿಯೇ ಸಲೀಸು ಎನಿಸಬಹುದು. ಆದರೆ ಮುಂದಿನ ಹತ್ತು ಚಳಿಗಾಲ ಆ ಡಿಶ್ ಜೊತೆ ಬದುಕಬೇಕಾದವರು ನೀವು. ಪಟ್ಟು ಹಿಡಿದು ಕೇಳಿ.

ಕಂಬಕ್ಕೆ ಜಾಗ ಆರಿಸುವಾಗ ನೋಡಬೇಕಾದ್ದು ಹಲವು. ನಿಮ್ಮಲ್ಲಿ ಹಿಮ ಎಷ್ಟು ಎತ್ತರ ಕೂರುತ್ತದೆಯೋ ಅದಕ್ಕಿಂತ ಡಿಶ್‌ನ ಕೆಳ ಅಂಚು ಸಾಕಷ್ಟು ಮೇಲಿರಬೇಕು. ಗಾಳಿ ಹಿಮವನ್ನು ತಂದು ಗುಡ್ಡೆ ಹಾಕುವ ಮೂಲೆಗಳು ಪ್ರತಿ ಮನೆಗೂ ಇರುತ್ತವೆ, ಅವನ್ನು ಬಿಡಿ. ಚಾವಣಿಯಿಂದ ಹಿಮದ ಹಾಸು ಜಾರಿ ಬೀಳುವ ಸಾಲಿನಲ್ಲಿ ಖಂಡಿತ ಬೇಡ. ಒಂದೇ ಸಲ ಜಾರಿದ ಹಿಮ ಡಿಶ್‌ನ ತೋಳನ್ನು ಮುರಿಯಬಲ್ಲದು. ಹಿಮ ತೆಗೆಯುವ ಯಂತ್ರ ಓಡಾಡುವ ದಾರಿಯ ಪಕ್ಕವೂ ಬೇಡ.

ಕಂಬದ ಬುಡ ಎಷ್ಟು ಆಳ ಹೋಗಬೇಕು ಎಂಬುದು ಬಹಳ ಮುಖ್ಯ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಮಣ್ಣಿನೊಳಗಿನ ತೇವ ಹೀಗೆ ಹೆಪ್ಪುಗಟ್ಟಿ ಉಬ್ಬಿದಾಗ ಮೇಲುಮೇಲೆ ನೆಟ್ಟ ಕಂಬವನ್ನು ನಿಧಾನವಾಗಿ ಎತ್ತುತ್ತದೆ, ವಾಲಿಸುತ್ತದೆ. ನಿಮ್ಮ ಪ್ರದೇಶದಲ್ಲಿ ನೆಲ ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೆ ಎಂದು ಮನೆ ಕಟ್ಟುವವರನ್ನು ಕೇಳಿದರೆ ಹೇಳುತ್ತಾರೆ. ಕಾಂಕ್ರೀಟ್ ಬುಡ ಅದಕ್ಕಿಂತ ಕೆಳಗಿಳಿಯಬೇಕು.

ಮರಗಳ ವಿಷಯದಲ್ಲಿ ಒಂದು ಮೋಸವಿದೆ. ಎಲೆ ಉದುರಿದ ಮೇಲೆ ದಾರಿ ತೆರವಾಯಿತು ಎನಿಸುತ್ತದೆ. ಆದರೆ ಹಸಿಹಿಮ ಹೊತ್ತ ಕೊಂಬೆಗಳು ಒಂದೊಂದು ಮೀಟರ್ ಕೆಳಗೆ ಬಾಗುತ್ತವೆ, ಅದರಲ್ಲೂ ಎಲೆ ಉದುರದ ಪೈನ್ ಜಾತಿಯವು. ಬೇಸಿಗೆಯಲ್ಲಿ ಸಿಗ್ನಲ್‌ನ ಹಾದಿಗಿಂತ ತುಸುವೇ ಮೇಲಿದ್ದ ಕೊಂಬೆ ಹಿಮದ ದಿನ ನೇರ ಹಾದಿಗೇ ಇಳಿಯುತ್ತದೆ. ಅಂಥ ಕೊಂಬೆಗಳನ್ನು ಚಳಿಗೆ ಮುಂಚೆ ಸವರಿ.

ಹಂತ 2: ಬಿಗಿ ಮಾಡಿ, ಅಳತೆ ಬರೆದಿಡಿ

75 ಸೆಂಟಿಮೀಟರ್ ಅಗಲದ ಬಟ್ಟಲು ಡಿಶ್ 20 ಗಿಗಾಹರ್ಟ್ಸ್‌ನಲ್ಲಿ ಆಕಾಶದ ಸುಮಾರು ಒಂದೂವರೆ ಡಿಗ್ರಿ ಅಗಲದ ಕಿಂಡಿಯನ್ನಷ್ಟೇ ನೋಡುತ್ತದೆ. ಸಿಗ್ನಲ್ ಕಳಿಸುವ 30 ಗಿಗಾಹರ್ಟ್ಸ್‌ನಲ್ಲಿ ಆ ಕಿಂಡಿ ಒಂದು ಡಿಗ್ರಿಗಿಂತಲೂ ಚಿಕ್ಕದು. ಇದರರ್ಥ, ಕೈಗೆ ಗೊತ್ತಾಗದಷ್ಟು ಡಿಶ್ ಅಲುಗಿದರೂ ಸಿಗ್ನಲ್‌ಗೆ ಗೊತ್ತಾಗುತ್ತದೆ. ಬೆಚ್ಚಗಿನ ದಿನ ನೋಡಿ ಕಂಬದ, ಆಸರೆ ಕಂಬಿಗಳ ಬೋಲ್ಟ್‌ಗಳನ್ನು ಪರೀಕ್ಷಿಸಿ. ಕಂಬವನ್ನು ಹಿಡಿದು ಅಲ್ಲಾಡಿಸಿ. ಕಂಬ ಅಲ್ಲಾಡಿದರೆ ದುರಸ್ತಿ ಈಗಲೇ ಆಗಲಿ. ದಿಕ್ಕು ಹೊಂದಿಸುವ ಬೋಲ್ಟ್‌ಗಳನ್ನು ಮಾತ್ರ ಸಡಿಲಿಸಬೇಡಿ, ಅದು ಮೀಟರ್ ಹಿಡಿದು ಬರುವ ತಂತ್ರಜ್ಞರ ಕೆಲಸ. ಬೋಲ್ಟ್ ಮತ್ತು ಕಂಬ ಕೂಡುವಲ್ಲಿ ಶಾಶ್ವತ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಬಿರುಗಾಳಿ ಕಳೆದ ಮೇಲೆ ಗೆರೆಯ ಎರಡು ತುಂಡು ಕೂಡದಿದ್ದರೆ ಡಿಶ್ ತಿರುಗಿದೆ ಎಂದೇ ಅರ್ಥ.

ಇನ್ನು ಅಳತೆ. ಮೋಡೆಮ್‌ಗೆ ಒಂದು ಸ್ಥಿತಿಪುಟ ಇರುತ್ತದೆ. ಬ್ರೌಸರ್‌ನಲ್ಲಿ 192.168.100.1 ಎಂದು ಬರೆದರೆ ಹಲವು ಮೋಡೆಮ್‌ಗಳಲ್ಲಿ ಅದು ತೆರೆಯುತ್ತದೆ. ನಿಮ್ಮದಕ್ಕೆ ಬೇರೆ ವಿಳಾಸವಿದ್ದರೆ ಕೈಪಿಡಿಯಲ್ಲಿ ಸಿಗುತ್ತದೆ. ಅಲ್ಲಿ ಸಿಗ್ನಲ್‌ನ ಗುಣಮಟ್ಟ ಡೆಸಿಬೆಲ್‌ಗಳಲ್ಲೋ ಬೇರೊಂದು ಅಂಕಿಯಲ್ಲೋ ಕಾಣುತ್ತದೆ. ಆಕಾಶ ಶುಭ್ರವಾಗಿರುವ ಮೂರು ನಾಲ್ಕು ದಿನ ಆ ಅಂಕಿಯನ್ನು ಬರೆದು ಮೋಡೆಮ್ ಪಕ್ಕದ ಗೋಡೆಗೆ ಅಂಟಿಸಿ. ಈ ಕಾಗದದ ತುಂಡಿನ ಬೆಲೆ ತಿಳಿಯುವುದು ಹಿಮದ ದಿನ. ಡೆಸಿಬೆಲ್ ಲೆಕ್ಕದಲ್ಲಿ 3 ಕುಸಿದರೆ ಶಕ್ತಿ ಅರ್ಧಕ್ಕಿಳಿದಂತೆ. ಮಾಮೂಲಿ ಅಂಕಿ ಗೊತ್ತಿಲ್ಲದವರಿಗೆ ಇಂದಿನ ಅಂಕಿ ಕಡಿಮೆಯೋ ಹೆಚ್ಚೋ ತಿಳಿಯುವ ಬಗೆಯೇ ಇಲ್ಲ.

ಹಂತ 3: ಕೇಬಲ್

ಡಿಶ್‌ನಿಂದ ಇಳಿಯುವ ಕೇಬಲ್‌ನ ಕನೆಕ್ಟರ್‌ನೊಳಗೆ ಒಂದು ಹನಿ ನೀರು ಸೇರಿದರೂ ಅದು ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ, ಪ್ರತಿ ಸಲವೂ ಸಂದನ್ನು ತುಸು ಹಿಗ್ಗಿಸುತ್ತದೆ. ಬಿಸಿಲೇರಿದಾಗ ಕೆಡುವ, ರಾತ್ರಿ ಸರಿಹೋಗುವ ವಿಚಿತ್ರ ದೋಷಗಳಿಗೆ ಮೂಲ ಎಷ್ಟೋ ಸಲ ಇಲ್ಲಿರುತ್ತದೆ. ಹೊರಗಿನ ಕನೆಕ್ಟರ್‌ಗಳಿಗೆ ರಬ್ಬರ್ ಕವಚ ಇದೆಯೇ ನೋಡಿ. ಕೇಬಲ್ ಗೋಡೆಯೊಳಗೆ ನುಗ್ಗುವ ಮುಂಚೆ ಕೆಳಕ್ಕೆ ಜೋತುಬಿದ್ದ ಒಂದು ಕುಣಿಕೆಯಂತಿರಲಿ. ಕೇಬಲ್ ಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಮನೆಯೊಳಗೆ ಬರುವುದಿಲ್ಲ. ಕಡು ಚಳಿಯಲ್ಲಿ ಕೇಬಲ್‌ನ ಹೊದಿಕೆ ಬಿರುಸಾಗಿರುತ್ತದೆ, ಆಗ ಅದನ್ನು ಬಗ್ಗಿಸಿದರೆ ಸೀಳುತ್ತದೆ. ನೆಲದ ಮೇಲೆ ಹಾದುಹೋಗುವ ಕೇಬಲ್ ಮತ್ತು ಭೂಸಂಪರ್ಕದ ತಂತಿಯ ಪಕ್ಕ ಎತ್ತರದ ಗುರುತುಕಡ್ಡಿ ನೆಡಿ. ಹಿಮ ಮುಚ್ಚಿದ ಮೇಲೆ ಸಲಿಕೆಗೆ ಕಣ್ಣಿರುವುದಿಲ್ಲ.

ಹಂತ 4: ಲೇಪನ, ಹೊದಿಕೆ, ಹೀಟರ್

ಈ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮದ್ದು. ಅಡುಗೆ ಎಣ್ಣೆಯ ಸ್ಪ್ರೇ ಹೊಡೆಯುವವರಿದ್ದಾರೆ. ಅದು ಒಂದೆರಡು ಸಲ ಹಿಮ ಜಾರಿಸುತ್ತದೆ ನಿಜ, ಆಮೇಲೆ ತೊಳೆದುಹೋಗುತ್ತದೆ, ಉಳಿದ ಜಿಡ್ಡಿಗೆ ಧೂಳು ಅಂಟುತ್ತದೆ. ಲೋಹದ ಬಟ್ಟಲಿಗೆ ಕಾರಿನ ಮೇಣದ ಪಾಲಿಶ್ ತೆಳುವಾಗಿ ಹಚ್ಚುವುದು ಇದಕ್ಕಿಂತ ಮೇಲು: ಬಟ್ಟಲನ್ನು ಚೆನ್ನಾಗಿ ತೊಳೆದು ಒಣಗಿಸಿ ಹಚ್ಚಿದರೆ ಕೆಲವು ವಾರ ನಿಲ್ಲುತ್ತದೆ. ಚಪ್ಪಟೆ ಡಿಶ್‌ಗೆ ನಾನಾದರೆ ಏನನ್ನೂ ಬಳಿಯುವುದಿಲ್ಲ. ಅದರ ಮೇಲ್ಮೈಯ ಹಿಂದೆಯೇ ಆಂಟೆನಾಗಳ ಸಾಲು ಇರುತ್ತದೆ, ಕಂಡದ್ದನ್ನೆಲ್ಲ ಬಳಿದು ವಾರಂಟಿ ಕಳೆದುಕೊಳ್ಳುವುದು ಬೇಡ.

ಕಸದ ಪ್ಲಾಸ್ಟಿಕ್ ಚೀಲ ತೊಡಿಸುವುದನ್ನು ಬಿಟ್ಟುಬಿಡಿ. ಗಾಳಿಗೆ ಅದು ಪಟಪಟ ಬಡಿಯುತ್ತದೆ, ಸುಕ್ಕುಗಳಲ್ಲಿ ಹಸಿಹಿಮ ನಿಲ್ಲಿಸಿಕೊಳ್ಳುತ್ತದೆ, ಗಾಳಿಪಟದಂತೆ ಡಿಶ್ ಅನ್ನೇ ಎಳೆಯುತ್ತದೆ. ಬಟ್ಟಲು ಡಿಶ್‌ಗಳಿಗೆಂದೇ ಬಿಗಿಯಾಗಿ ಕೂರುವ ನೀರುನಿರೋಧಕ ಬಟ್ಟೆಯ ಹೊದಿಕೆಗಳಿವೆ. ಹಸಿಹಿಮ ಹೆಚ್ಚಿರುವ ಕಡೆ ಅವು ಪ್ರಯೋಜನಕಾರಿ. ಇಡೀ ಚಳಿಗಾಲ ಸೊನ್ನೆಯ ಆಚೀಚೆ ತೂಗಾಡುವ ಹವೆಯಿದ್ದು, ಡಿಶ್ ಚಾವಣಿಯಲ್ಲೇ ಇರಬೇಕಾದ ಅನಿವಾರ್ಯ ಇದ್ದರೆ ಮಾತ್ರ ಬಟ್ಟಲಿನ ಬೆನ್ನಿಗೆ ಅಂಟಿಸುವ ವಿದ್ಯುತ್ ಹೀಟರ್ ಬಗ್ಗೆ ಯೋಚಿಸಿ. ಅದನ್ನು ಜೋಡಿಸುವಾಗ ಮೂತಿಗೂ ಹೀಟರ್ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಬಟ್ಟಲು ಬೆಚ್ಚಗಿದ್ದು ಮೂತಿ ಹೆಪ್ಪುಗಟ್ಟಿದ್ದರೆ ಖರ್ಚೆಲ್ಲ ವ್ಯರ್ಥ.

ಸ್ಟಾರ್‌ಲಿಂಕ್ ಬಳಸುವವರು ಆ್ಯಪ್‌ನಲ್ಲಿ ಹಿಮ ಕರಗಿಸುವ ಸೆಟ್ಟಿಂಗ್ ತೆರೆದು ನೋಡಿ. ಮೂರು ಆಯ್ಕೆಗಳಿವೆ: ಆಟೋಮ್ಯಾಟಿಕ್, ಪ್ರೀ-ಹೀಟ್, ಆಫ್. ಆಟೋಮ್ಯಾಟಿಕ್‌ನಲ್ಲಿ ಡಿಶ್ ಹಿಮ ಬಿದ್ದದ್ದನ್ನು ತಾನೇ ಗುರುತಿಸಿ ಬಿಸಿಯಾಗುತ್ತದೆ. ಪ್ರೀ-ಹೀಟ್‌ನಲ್ಲಿ ಮೊದಲೇ ಬಿಸಿಯಾಗಿದ್ದು ಹಿಮ ಕೂರಲು ಬಿಡುವುದಿಲ್ಲ, ಆದರೆ ವಿದ್ಯುತ್ ಹೆಚ್ಚು ಬೇಕು. ಮಾಮೂಲಿ ದಿನಕ್ಕೆ ಆಟೋಮ್ಯಾಟಿಕ್ ಸಾಕು. ಭಾರಿ ಹಸಿಹಿಮದ ಮುನ್ಸೂಚನೆ ಇದ್ದರೆ ಹಿಮ ಶುರುವಾಗುವ ಒಂದೆರಡು ಗಂಟೆ ಮುಂಚೆ ಪ್ರೀ-ಹೀಟ್‌ಗೆ ಬದಲಿಸಿ, ಬಿರುಗಾಳಿ ಕಳೆದ ಮೇಲೆ ಮರಳಿಸಿ. ಇದರ ಸ್ಟ್ಯಾಂಡರ್ಡ್ ಡಿಶ್ ಮೈನಸ್ 30 ಡಿಗ್ರಿವರೆಗೆ ಕೆಲಸ ಮಾಡುತ್ತದೆ, ಗಂಟೆಗೆ 40 ಮಿಲಿಮೀಟರ್‌ವರೆಗಿನ ಹಿಮ ಕರಗಿಸುತ್ತದೆ ಎಂಬುದು ಕಂಪನಿ ಕೊಡುವ ಅಳತೆ. ಅದಕ್ಕಿಂತ ಜೋರಾಗಿ ಸುರಿದರೆ ಪೊರಕೆಯೇ ಗತಿ. ಕರಗಿದ ನೀರು ಅಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಗೋಡೆಯಂತೆ ಏಳುವುದೂ ಉಂಟು. ಡಿಶ್‌ನ ಸುತ್ತ, ಕೆಳಗೆ ನೀರು ಇಳಿಯಲು ಜಾಗ ಬಿಟ್ಟಿದ್ದರೆ ಈ ತೊಂದರೆ ಕಡಿಮೆ.

ಹಂತ 5: ವಿದ್ಯುತ್ ಹೋದಾಗ

ಹಿಮಗಾಳಿಯಲ್ಲಿ ಸಂಪರ್ಕ ಕಡಿಯಲು ಡಿಶ್‌ಗಿಂತ ವಿದ್ಯುತ್ತೇ ಕಾರಣವಾಗುವುದು ಹೆಚ್ಚು. ಲೆಕ್ಕ ಸರಳ. ಡಿಶ್, ಮೋಡೆಮ್, ರೂಟರ್ ಸೇರಿ 75 ವ್ಯಾಟ್ ಎಳೆಯುತ್ತವೆ ಎಂದುಕೊಳ್ಳಿ. 600 ವ್ಯಾಟ್-ಅವರ್ ಬ್ಯಾಟರಿ ಕಾಗದದ ಮೇಲೆ 8 ಗಂಟೆ ಬರುತ್ತದೆ. ಇನ್ವರ್ಟರ್‌ನ ನಷ್ಟ ಕಳೆದರೆ ಇನ್ನೂ ಕಡಿಮೆ. ಹಿಮ ಕರಗಿಸುವ ಶಾಖ ಸೇರಿ ಎಳೆತ 150 ವ್ಯಾಟ್ ಆಯಿತೆಂದರೆ ಅದೇ ಬ್ಯಾಟರಿ 4 ಗಂಟೆಗಿಳಿಯುತ್ತದೆ. ಪ್ಲಗ್‌ಗೆ ಸಿಕ್ಕಿಸುವ ವಿದ್ಯುತ್ ಮಾಪಕದಿಂದ ನಿಮ್ಮ ಉಪಕರಣಗಳ ನಿಜವಾದ ಎಳೆತ ಅಳೆದುಕೊಳ್ಳಿ. ಬ್ಯಾಟರಿಯಲ್ಲಿ ಓಡುವಾಗ ಹಿಮ ಕರಗಿಸುವುದನ್ನು ಆಫ್ ಮಾಡಿ ಪೊರಕೆ ಬಳಸುವುದು ಜಾಣತನ. ಅದಕ್ಕೂ ಡಿಶ್ ಕೈಗೆಟುಕುವಲ್ಲಿ ಇರಬೇಕು.

ಬ್ಯಾಟರಿಯನ್ನು ಗ್ಯಾರೇಜಿನ ಚಳಿಯಲ್ಲಿಡಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದರ ಕೋಶಗಳಿಗೆ ಮತ್ತೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಸೀಸ-ಆಮ್ಲದ ಬ್ಯಾಟರಿಗೂ ಚಳಿಯಲ್ಲಿ ಶಕ್ತಿ ಕುಗ್ಗುತ್ತದೆ.

ಜನರೇಟರ್ ಇರುವವರು ಈ ಮಾತು ಕೇಳಲೇಬೇಕು: ಅದನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ, ಕಿಟಕಿಯ ಪಕ್ಕದಲ್ಲಿ ಎಂದೂ ಓಡಿಸಬೇಡಿ. ಬಾಗಿಲು ತೆರೆದಿದ್ದರೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಉಪಗ್ರಹ ಸಂಪರ್ಕದ ಮೇಲೆಯೇ ಫೋನ್ ಕರೆಗಳು ನಡೆಯುವ ಮನೆಗಳಲ್ಲಿ ಇಂಟರ್ನೆಟ್ ಹೋದರೆ ತುರ್ತು ಕರೆಯೂ ಹೋಯಿತು. ದುರ್ಬಲವಾದರೂ ಸರಿ, ಒಂದು ಮೊಬೈಲ್ ಸಿಮ್, ಬ್ಯಾಟರಿ ರೇಡಿಯೊ, ನೆರೆಯವರೊಂದಿಗೆ ಒಂದು ಒಪ್ಪಂದ, ಹೀಗೆ ಬೇರೆ ದಾರಿಯೊಂದು ಇರಲಿ.

ಹಂತ 6: ಬಿರುಗಾಳಿಯ ಹಿಂದಿನ ದಿನ

ಬೇಕಾದ ಕಡತಗಳು, ಪಾಠಗಳು, ಸಿನಿಮಾ, ಆಫ್‌ಲೈನ್ ನಕ್ಷೆ ಎಲ್ಲವನ್ನೂ ಇಳಿಸಿಕೊಳ್ಳಿ. ಫೋನ್, ಬ್ಯಾಟರಿ ಚಾರ್ಜ್ ಮಾಡಿ. ಮುಖ್ಯ ಕರೆ ಇದ್ದರೆ ಆ ಕಡೆಯವರಿಗೆ ಮೊದಲೇ ಹೇಳಿಡಿ, ಫೋನ್ ಮೂಲಕ ಸೇರುವ ಸಂಖ್ಯೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪೊರಕೆ ಬಾಗಿಲ ಬಳಿ ಇರಲಿ, ಹೊರಗಿನ ಕೋಣೆಯಲ್ಲಲ್ಲ. ಆ ಕೋಣೆಯ ಬಾಗಿಲನ್ನೇ ಹಿಮ ಮುಚ್ಚಿರುತ್ತದೆ.

ಹಂತ 7: ಸಂಪರ್ಕ ಕಡಿದಾಗ, ಹೊರಗೆ ಹೋಗುವ ಮುನ್ನ

ಇಲ್ಲಿ ಅವಸರ ಬೇಡ. ಒಳಗೇ ಕೂತು ಮಾಡಬಹುದಾದ ತನಿಖೆ ಬಹಳಷ್ಟಿದೆ, ಮತ್ತು ಅದು ಅರ್ಧಕ್ಕರ್ಧ ಸಲ ಹೊರಗೆ ಹೋಗುವುದನ್ನೇ ತಪ್ಪಿಸುತ್ತದೆ.

ಮೊದಲು ಮೋಡೆಮ್‌ನ ಸ್ಥಿತಿಪುಟ ತೆರೆಯಿರಿ. ಪುಟವೇ ತೆರೆಯದಿದ್ದರೆ ತೊಂದರೆ ನಿಮ್ಮ ವೈಫೈನದ್ದು, ಉಪಗ್ರಹದ್ದಲ್ಲ. ತೆರೆದರೆ ಸಿಗ್ನಲ್ ಅಂಕಿಯನ್ನು ಗೋಡೆಯ ಕಾಗದಕ್ಕೆ ಹೋಲಿಸಿ.

ಅಂಕಿ ಮಾಮೂಲಿನಷ್ಟೇ ಇದೆ, ಆದರೂ ಇಂಟರ್ನೆಟ್ ಇಲ್ಲವೆಂದರೆ ನಿಮ್ಮ ಡಿಶ್ ಚೆನ್ನಾಗಿಯೇ ಇದೆ. ತೊಂದರೆ ಬಹುತೇಕ ಭೂನಿಲ್ದಾಣದ ಕಡೆಯದ್ದು ಅಥವಾ ಕಂಪನಿಯ ಜಾಲದ್ದು. ಮೊಬೈಲ್‌ನಲ್ಲಿ ಕಂಪನಿಯ ಸೇವಾಸ್ಥಿತಿ ಪುಟ ನೋಡಿ, ಕಾಯಿರಿ. ಇಂಥ ದಿನ ಡಿಶ್ ಉಜ್ಜುತ್ತ ಕೂರುವುದು ಬೇರೆಯವರ ಮನೆಯ ಬೀಗಕ್ಕೆ ನಮ್ಮ ಕೀಲಿ ತಿರುಗಿಸಿದಂತೆ.

ಅಂಕಿ ನಿಧಾನವಾಗಿ ಇಳಿಯುತ್ತ, ಏರುತ್ತ ತೂಗಾಡುತ್ತಿದ್ದರೆ ಅಡ್ಡಿ ಗಾಳಿಯ ಹಾದಿಯಲ್ಲಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸಿಗ್ನಲ್ ನೆತ್ತಿಯ ಮೇಲಿಂದ ಬರುವುದಿಲ್ಲ, ಓರೆಯಾಗಿ ಬರುತ್ತದೆ. ಡಿಶ್ 30 ಡಿಗ್ರಿ ಕೋನದಲ್ಲಿ ನೋಡುತ್ತಿದೆ, ಹಸಿಹಿಮದ ಪದರ 3 ಕಿಲೋಮೀಟರ್ ಎತ್ತರದವರೆಗಿದೆ ಎಂದಿಟ್ಟುಕೊಂಡರೆ ಸಿಗ್ನಲ್ ಆ ಪದರದೊಳಗೆ 6 ಕಿಲೋಮೀಟರ್ ಸಾಗಬೇಕು, ಪದರದ ತುದಿ ತಲುಪುವ ಬಿಂದು ನಿಮ್ಮ ಮನೆಯಿಂದ 5 ಕಿಲೋಮೀಟರ್ ಆಚೆ ಇರುತ್ತದೆ. ಆದ್ದರಿಂದ ನೋಡಬೇಕಾದ್ದು ಮನೆಯ ಮೇಲಿನ ಮೋಡವನ್ನಲ್ಲ, ಡಿಶ್ ಮುಖ ಮಾಡಿರುವ ದಿಕ್ಕಿನ ಮೋಡವನ್ನು. ಉತ್ತರಾರ್ಧಗೋಳದಲ್ಲಿ ಭೂಸ್ಥಿರ ಉಪಗ್ರಹಗಳಿರುವುದು ದಕ್ಷಿಣದ ಕಡೆ. ಉತ್ತರಕ್ಕೆ ಹೋದಷ್ಟೂ ಅವು ದಿಗಂತಕ್ಕೆ ಹತ್ತಿರವಾಗುತ್ತವೆ, ಹಾದಿ ಇನ್ನೂ ಉದ್ದವಾಗುತ್ತದೆ. ಹವಾಮಾನ ರೇಡಾರ್ ಚಿತ್ರದಲ್ಲಿ ಆ ದಿಕ್ಕಿನ ಪಟ್ಟಿ ಎಷ್ಟು ಹೊತ್ತಿಗೆ ದಾಟುತ್ತದೆ ನೋಡಿ. ಅಷ್ಟು ಹೊತ್ತು ಕಾಯುವುದಷ್ಟೇ ಕೆಲಸ.

ಈ ಹೊತ್ತಿನಲ್ಲಿ ಸಂಪರ್ಕ ಪೂರ್ತಿ ಹೋಗದೆ ಬರೀ ನಿಧಾನವಾಗಿದ್ದರೆ ಗಾಬರಿಯಾಗಬೇಡಿ. ಸಿಗ್ನಲ್ ಕುಗ್ಗಿದಾಗ ವ್ಯವಸ್ಥೆ ಬೇಕೆಂದೇ ವೇಗ ಇಳಿಸಿ, ತಪ್ಪು ತಿದ್ದುವ ಹೆಚ್ಚುವರಿ ಮಾಹಿತಿ ಸೇರಿಸಿ, ಎಳೆ ಕಡಿಯದಂತೆ ನೋಡಿಕೊಳ್ಳುತ್ತದೆ. ಕೆಎ ಬ್ಯಾಂಡ್‌ನಲ್ಲಿ ಏರುವ ಸಿಗ್ನಲ್‌ನ ಆವರ್ತನ ಹೆಚ್ಚಿರುವುದರಿಂದ ನೀರಿನ ಪೆಟ್ಟು ಅದಕ್ಕೇ ಜಾಸ್ತಿ. ಹಾಗಾಗಿ ವಿಡಿಯೊ ಕರೆಯಲ್ಲಿ ಅವರು ನಿಮಗೆ ಕಾಣುತ್ತಿರುತ್ತಾರೆ, ನೀವು ಅವರಿಗೆ ತುಂಡುತುಂಡಾಗಿ ಕೇಳಿಸುತ್ತೀರಿ. ನಿಮ್ಮ ಕ್ಯಾಮೆರಾ ಆಫ್ ಮಾಡಿ, ಧ್ವನಿ ಮಾತ್ರ ಉಳಿಸಿ. ಮನೆಯ ಉಳಿದ ಉಪಕರಣಗಳ ಅಪ್‌ಡೇಟ್, ಕ್ಲೌಡ್ ಬ್ಯಾಕಪ್ ನಿಲ್ಲಿಸಿ.

ಮೋಡೆಮ್ ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಬಹುದು. ಮತ್ತೆ ಮತ್ತೆ ಬೇಡ. ಕ್ಷೀಣವಾಗಿಯಾದರೂ ಹಿಡಿದುಕೊಂಡಿದ್ದ ಎಳೆಯನ್ನು ಕೈಬಿಟ್ಟು, ಅದೇ ಕೆಟ್ಟ ಹವೆಯಲ್ಲಿ ಅದು ಮೊದಲಿನಿಂದ ಹುಡುಕಬೇಕಾಗುತ್ತದೆ.

ಅಂಕಿ ಒಮ್ಮೆಲೇ ಕುಸಿದು ಅಲ್ಲೇ ಕೂತಿದೆ, ಹಿಮ ನಿಂತ ಮೇಲೂ ಏಳುತ್ತಿಲ್ಲ ಎಂದರೆ ಡಿಶ್ ಮೇಲೆ ಏನೋ ಕೂತಿದೆ ಅಥವಾ ಅದು ತಿರುಗಿದೆ. ಕಿಟಕಿಯಿಂದ ಫೋನ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಬಟ್ಟಲನ್ನಷ್ಟೇ ಅಲ್ಲ, ಮೂತಿಯನ್ನು ನೋಡಿ. ಬಟ್ಟಲು ಸಂಗ್ರಹಿಸಿದ ಸಿಗ್ನಲ್ಲೆಲ್ಲ ಹಾದುಹೋಗುವುದು ಅಂಗೈಗಿಂತ ಚಿಕ್ಕದಾದ ಆ ಕಿಂಡಿಯ ಮೂಲಕ. ಬಟ್ಟಲಿನ ಅಂಚಿನಲ್ಲಿ ಮೊಳದಷ್ಟು ಹಿಮವಿದ್ದರೂ ನಡೆದೀತು, ಮೂತಿಯ ಮೇಲೆ ಬೆರಳಿನಷ್ಟು ಹಸಿಹಿಮವಿದ್ದರೆ ನಡೆಯದು. ನಾನು ಒಂದಿಡೀ ಚಳಿಗಾಲ ಬಟ್ಟಲನ್ನೇ ಗುಡಿಸಿ ಗುಡಿಸಿ, ಸಂಪರ್ಕ ಬರದೆ ಕಂಗೆಟ್ಟಿದ್ದೆ. ಕೊನೆಗೆ ಒಬ್ಬ ತಂತ್ರಜ್ಞರು ಬಂದು ಕೈಗವಸಿನ ಬೆರಳಿಂದ ಮೂತಿಯನ್ನು ಒರೆಸಿದರು, ಅಷ್ಟೇ. ಅವರು ವ್ಯಾನ್ ಹತ್ತುವ ಮೊದಲೇ ದೀಪ ಹಸಿರಾಗಿತ್ತು.

ಹಂತ 8: ಹಿಮ ತೆಗೆಯುವುದು

ಮೊದಲು ಮೋಡೆಮ್ ಆಫ್ ಮಾಡಿ. ಡಿಶ್ ಸಿಗ್ನಲ್ ಪಡೆಯುವುದಷ್ಟೇ ಅಲ್ಲ, ಕಳಿಸುತ್ತದೆ ಕೂಡ. ಕೆಲಸ ಮಾಡುತ್ತಿರುವಾಗ ಮೂತಿಗೂ ಬಟ್ಟಲಿಗೂ ನಡುವೆ ತಲೆ, ಕೈ ತರಬಾರದು.

ಒಣಹಿಮಕ್ಕೆ ಮೃದು ಕೂದಲಿನ ಪೊರಕೆ ಸಾಕು. ಎಲೆ ಊದುವ ಯಂತ್ರವಿದ್ದರೆ ಮುಟ್ಟದೆಯೇ ಹಾರಿಸಬಹುದು. ಮೇಲಿನಿಂದ ಕೆಳಕ್ಕೆ ಗುಡಿಸಿ, ಒತ್ತಡ ಹಾಕಬೇಡಿ, ಮೂತಿಯನ್ನು ಕೊನೆಗೆ ನಯವಾಗಿ ಒರೆಸಿ. ತೋಳನ್ನು ಹಿಡಿದು ಆಸರೆ ಪಡೆಯಬೇಡಿ. ಕೋಲು ಉದ್ದವಿದ್ದು, ಹತ್ತಿರ ವಿದ್ಯುತ್ ತಂತಿ ಹಾದುಹೋಗಿದ್ದರೆ ಲೋಹದ ಕೋಲು ಬಳಸಲೇಬಾರದು.

ಮಂಜುಗಡ್ಡೆ ಕಟ್ಟಿದ್ದರೆ ಕೆರೆಯಬೇಡಿ, ಕುಟ್ಟಬೇಡಿ. ಬಟ್ಟಲಿನ ಆಕಾರದಲ್ಲಿ ಸಣ್ಣ ತಗ್ಗು ಬಿದ್ದರೂ ಸಿಗ್ನಲ್ ಒಂದೆಡೆ ಸೇರುವುದು ತಪ್ಪುತ್ತದೆ, ಚಪ್ಪಟೆ ಡಿಶ್‌ನ ಮೇಲ್ಮೈ ಬಿರುಕು ಬಿಟ್ಟರೆ ನೀರು ಒಳಗಿಳಿಯುತ್ತದೆ. ಕುದಿಯುವ ನೀರು ಸುರಿಯುವವರಿಗೂ ಇದೇ ಮಾತು. ಹಠಾತ್ ಶಾಖಕ್ಕೆ ಪ್ಲಾಸ್ಟಿಕ್ ಸೀಳಬಹುದು. ಸೀಳದಿದ್ದರೂ ಆ ನೀರು ನಿಮಿಷಗಳಲ್ಲಿ ಹೆಪ್ಪುಗಟ್ಟಿ ಬೋಲ್ಟ್, ಕನೆಕ್ಟರ್, ಕಾಲಡಿಯ ನೆಲ ಎಲ್ಲದರ ಮೇಲೂ ಗಾಜಿನಂತೆ ಕೂರುತ್ತದೆ. ಉಪ್ಪೂ ಬೇಡ, ಲೋಹ ತುಕ್ಕು ಹಿಡಿಯುತ್ತದೆ. ತೆಳುವಾದ ಒಣ ಮಂಜುಗಡ್ಡೆ ಸಿಗ್ನಲ್‌ಗೆ ಅಷ್ಟು ಅಡ್ಡಿಯಲ್ಲ ಎಂಬುದು ಇಲ್ಲಿ ಸಮಾಧಾನ. ಅಡ್ಡಿ ಬರುವುದು ಅದು ಕರಗುವ ಹೊತ್ತಿನಲ್ಲಿ, ಮತ್ತು ಕರಗತೊಡಗಿದ ಮಂಜುಗಡ್ಡೆ ತಾನಾಗಿಯೇ ಕಳಚಿಕೊಳ್ಳುತ್ತದೆ.

ಡಿಶ್ ಚಾವಣಿಯ ಮೇಲಿದ್ದು ನೆಲದಿಂದ ಎಟುಕದಿದ್ದರೆ ಕಾಯಿರಿ. ಇದಕ್ಕೆ ವಿನಾಯಿತಿ ಇಲ್ಲ. ಬಿಸಿಲು ಬರಲಿ, ಹಿಮ ಜಾರಲಿ, ಬೇಕಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿ ಕೆಲಸ ಮಾಡುವ ಅಭ್ಯಾಸವುಳ್ಳವರನ್ನು ಕರೆಸಿ.

ಹಂತ 9: ಹಿಮ ಹೋಯಿತು, ಸಂಪರ್ಕ ಬರಲಿಲ್ಲ

ಡಿಶ್ ಸ್ವಚ್ಛ, ಆಕಾಶ ಸ್ವಚ್ಛ, ಅಂಕಿ ಮಾತ್ರ ಕೆಳಗೇ ಇದೆ. ಮಾರ್ಕರ್ ಗೆರೆ ನೋಡಿ. ಗೆರೆ ಕೂಡುತ್ತಿಲ್ಲವಾದರೆ, ಕಂಬ ವಾಲಿದ್ದರೆ ಕಂಪನಿಗೆ ಕರೆಮಾಡಿ. ಕರೆಮಾಡುವಾಗ ಗೋಡೆಯ ಕಾಗದ ಕೈಯಲ್ಲಿರಲಿ: ಮಾಮೂಲಿ ಅಂಕಿ ಇಷ್ಟು, ಇಂದು ಇಷ್ಟು, ಇಂಥ ದಿನ ಇಂಥ ಹೊತ್ತಿಗೆ ಕುಸಿಯಿತು, ಡಿಶ್ ಮೇಲೆ ಹಿಮವಿಲ್ಲ, ಫೋಟೊ ಇದೆ. ಇಷ್ಟು ಹೇಳಿದವರಿಗೆ ರೀಸ್ಟಾರ್ಟ್ ಮಾಡಿ ನೋಡಿ ಎಂಬ ಉತ್ತರ ಕೊಟ್ಟು ಕಳಿಸುವುದು ಕಷ್ಟ. ಗೆರೆ ಸರಿಯಿದ್ದರೆ ಕನೆಕ್ಟರ್‌ಗಳನ್ನು ಬಿಚ್ಚಿಸಿ ಪರೀಕ್ಷಿಸುವಂತೆ ಕೇಳಿ. ನೀರು ಸೇರಿದ ಕನೆಕ್ಟರ್ ಒರೆಸಿದರೆ ಸಾಲದು, ಬದಲಿಸಬೇಕು.

ಭೂಸ್ಥಿರ ಉಪಗ್ರಹ ಬಳಸುವವರಿಗೆ ಚಳಿಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಉತ್ತರಾರ್ಧಗೋಳದಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ, ಕೆಲವು ದಿನಗಳ ಕಾಲ, ದಿನದ ಒಂದೇ ಹೊತ್ತಿನಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಾನೆ. ಡಿಶ್ ಉಪಗ್ರಹದ ಜೊತೆ ಸೂರ್ಯನನ್ನೂ ನೋಡತೊಡಗುತ್ತದೆ, ಸೂರ್ಯನ ರೇಡಿಯೊ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗಿಹೋಗುತ್ತದೆ. ಆಕಾಶದಲ್ಲಿ ಮೋಡವಿಲ್ಲ, ಡಿಶ್ ಮೇಲೆ ಹಿಮವಿಲ್ಲ, ಅಂಕಿ ಕುಸಿದಿದೆ. ಬಟ್ಟಲಿನ ಮೇಲೆ ಮೂತಿಯ ನೆರಳು ಎಲ್ಲಿ ಬಿದ್ದಿದೆ ಎಂದು ಗಮನಿಸಿದರೆ ಸೂರ್ಯ ಡಿಶ್‌ನ ಗುರಿಯ ನೇರಕ್ಕೆ ಬಂದಿರುವುದು ತಿಳಿಯುತ್ತದೆ. ಆಗ ಏನನ್ನೂ ಮುಟ್ಟಬೇಡಿ. ಸೂರ್ಯ ಆಕಾಶದಲ್ಲಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಹತ್ತು ನಿಮಿಷದೊಳಗೆ ಸಂಪರ್ಕ ಮರಳಿರುತ್ತದೆ.